"ಅಂಕಲ್, ಫಂಡಿಂಗ್ ಸಿಗುತ್ತಾ?"

ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಬಿಸಿಬೇಳೆಬಾತ್ ಮುಗಿದು ಮೊಸರನ್ನದ ಸಾಲು ಶುರುವಾಗುವ ಹೊತ್ತಿಗೆ ಯಾರಾದರೊಬ್ಬರು ವಿದ್ಯಾರ್ಥಿ ಪೇಪರ್ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂರುತ್ತಾರೆ. ಊರು ಯಾವುದು, ಕಾಲೇಜು ಯಾವುದು ಎಂಬ ವಿಚಾರಣೆಯೆಲ್ಲ ಆದ ಮೇಲೆ ದನಿ ತಗ್ಗುತ್ತದೆ. "ಅಂಕಲ್, ಫಂಡಿಂಗ್ ಸಿಗುತ್ತಾ?" ನಾನು ಅಮೆರಿಕದಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು, ಅದರಲ್ಲಿ ಬಹುಪಾಲು ಪ್ರವೇಶ ಸಮಿತಿಯಲ್ಲಿ ಕೂತು ಅರ್ಜಿ ಓದಿದವನು ಎಂಬ ಸುದ್ದಿ ಹೇಗೋ ಹಬ್ಬಿಬಿಟ್ಟಿದೆ.

ಈ ಸಲ ಬಂದವಳು ತಿಪಟೂರು ಕಡೆಯ ಹುಡುಗಿ. ಎಂ.ಎಸ್. ಮೊದಲ ವರ್ಷ. ನಲವತ್ತು ಲಕ್ಷ ಸಾಲ, ಮನೆಪತ್ರ ಬ್ಯಾಂಕಿನಲ್ಲಿದೆ. "ಅಪ್ಪ ಮೊದಲೆಲ್ಲ ಕೊಬ್ಬರಿ ರೇಟು ನೋಡೋರು. ಈಗ ದಿನಾ ಡಾಲರ್ ರೇಟು ನೋಡ್ತಾರೆ" ಅಂದಳು. ನಗುತ್ತಲೇ ಹೇಳಿದಳು, ಆದರೆ ತಟ್ಟೆಯ ಅನ್ನ ಹಾಗೇ ಇತ್ತು.

ನಮ್ಮ ಮನೆಗಳಲ್ಲಿ ಸ್ಕಾಲರ್‌ಶಿಪ್ ಅಂದರೆ ಮಾರ್ಕ್ಸಿಗೆ ಸಿಗುವ ಇನಾಮು. ಅಮೆರಿಕದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ಸಿಗುವುದು ಹೆಚ್ಚುಕಡಿಮೆ ಸಂಬಳ. ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ ತಿಂಗಳಿಗಿಷ್ಟು ಸ್ಟೈಪೆಂಡ್ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ವಾರಕ್ಕೆ 20 ಗಂಟೆ ದುಡಿಯಬೇಕು: ಕಿರಿಯರ ಲ್ಯಾಬ್ ನಡೆಸು, ಉತ್ತರಪತ್ರಿಕೆ ತಿದ್ದು, ಇಲ್ಲವೇ ಪ್ರೊಫೆಸರರ ಪ್ರಾಜೆಕ್ಟಿಗೆ ಹೆಗಲು ಕೊಡು. ಎಂ.ಎಸ್. ವಿದ್ಯಾರ್ಥಿಯ ಕಥೆ ಬೇರೆ. ಬಹಳ ಕಡೆ ವಿಭಾಗದ ಖಜಾನೆ ತುಂಬುವವನೇ ಅವನು. ಬಿ.ಇ. ಮುಗಿಸಿದವರು ನೇರವಾಗಿ ಪಿಎಚ್.ಡಿ.ಗೇ ಅರ್ಜಿ ಹಾಕಬಹುದು ಎಂಬ ಮಾತು ಈ ಹುಡುಗಿಯ ಕಿವಿಗೆ ಬಿದ್ದಿರಲೇ ಇಲ್ಲ. ಅರ್ಜಿ ತುಂಬಿಕೊಟ್ಟ ಕನ್ಸಲ್ಟೆನ್ಸಿಯವರು ಯಾಕೆ ಹೇಳಿಯಾರು!

ನಾನೂ ಹಾಗೆ ದುಡಿದೇ ಓದಿದವನು. 1986ರಲ್ಲಿ ಬಂದಾಗ ಸಿಕ್ಕಿದ್ದು ಹೈಡ್ರಾಲಿಕ್ಸ್ ಲ್ಯಾಬಿನ ಟೀಚಿಂಗ್ ಅಸಿಸ್ಟೆಂಟ್ ಕೆಲಸ. ನನ್ನ ಇಂಗ್ಲಿಷು ಹುಡುಗರಿಗೆ ತಿಳಿಯದು, ಅವರದು ನನಗೆ ತಿಳಿಯದು. ಮೊದಲ ತಿಂಗಳು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೇ ದಾಟಿಸಿದೆ. ಆದರೂ ಮೊದಲ ಚೆಕ್ಕು ಕೈಗೆ ಬಂದಾಗ ಅದರಲ್ಲಿ ಊರಿಗೂ ಒಂದಿಷ್ಟು ಕಳಿಸಿದ ಸುಖವನ್ನು ಯಾವ ರ‍್ಯಾಂಕೂ ಕೊಟ್ಟಿರಲಿಲ್ಲ.

ಇಂಥ ದುಡ್ಡಿನ ಜೊತೆ ಬರುವ ಇನ್ನೊಂದು ವಸ್ತು ಬಿಡುವು. ಅದಕ್ಕೆ ಲೆಕ್ಕ ಇಡುವವರಿಲ್ಲ. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಲಿಕ್ಕೆ. ಅಲ್ಲಿ ಇಂಗ್ಲಿಷ್ ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಸಬ್‌ಟೈಟಲ್ ಇಲ್ಲದ ಬರ್ಗ್‌ಮನ್ ಸಿನಿಮಾ ನೋಡಿ ಬಂದು ಬರೆದದ್ದು 'ಸಂಸ್ಕಾರ'. ಪ್ರಬಂಧವೂ 1966ರಲ್ಲಿ ಮುಗಿಯಿತು, ಆ ಮಾತು ಬೇರೆ. 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾಕ್ಕೆ ಬಂದ ಎ.ಕೆ. ರಾಮಾನುಜನ್ ಓದಿದ್ದು ಭಾಷಾವಿಜ್ಞಾನ. ಆಮೇಲೆ ಷಿಕಾಗೋದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ವ್ಯಾಕರಣದ ಪುಸ್ತಕ ಹುಡುಕುತ್ತಿದ್ದಾಗ ಅವರ ಕೈಗೆ ಸಿಕ್ಕಿದ್ದು ತಮಿಳಿನ ಸಂಗಂ ಕಾವ್ಯ. ಕೊಟ್ಟವರ ರಸೀದಿಯಲ್ಲಿ ಇವೆರಡೂ ಇಲ್ಲ.

ನನಗೆ ಇನ್ನೂ ಹತ್ತಿರದವರು ರಾಜೇಶ್ವರಿ ಚಟರ್ಜಿ. ನಮ್ಮ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಹಡಗು ಹತ್ತಿ ಮಿಷಿಗನ್ ಸೇರಿದರು. ಡಾಕ್ಟರೇಟಿಗೆ ಕೈಹಿಡಿದದ್ದು ಬಾರ್ಬರ್ ಸ್ಕಾಲರ್‌ಶಿಪ್. ಲೀವೈ ಬಾರ್ಬರ್ ಎಂಬಾತ ಏಷ್ಯಾ ಪ್ರವಾಸದಲ್ಲಿ ಮಿಷಿಗನ್ನಿನಲ್ಲೇ ಓದಿ ಹೋಗಿದ್ದ ವೈದ್ಯೆಯರ ಕೆಲಸ ಕಂಡು, ಏಷ್ಯಾದ ಹೆಣ್ಣುಮಕ್ಕಳಿಗೆಂದೇ 1917ರಲ್ಲಿ ಇಟ್ಟ ನಿಧಿ ಅದು. ರಾಜೇಶ್ವರಿ 1953ರಲ್ಲಿ ಡಾಕ್ಟರೇಟ್ ಮುಗಿಸಿ ಬೆಂಗಳೂರಿಗೆ ಮರಳಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮೈಕ್ರೋವೇವ್ ಕಲಿಸಿದರು.

ಅಮೆರಿಕವೊಂದೇ ದಾರಿಯೂ ಅಲ್ಲ. ಎರಡು-ಮೂರು ದೇಶಗಳಲ್ಲಿ ಓದಿಸುವ ಎರಾಸ್ಮಸ್ ಮುಂಡುಸ್ ಸ್ನಾತಕೋತ್ತರ ಕೋರ್ಸುಗಳಲ್ಲಿ ವಿದ್ಯಾರ್ಥಿವೇತನ ಸಿಕ್ಕವರಿಗೆ ಫೀಸೂ ಇಲ್ಲ, ಮೇಲೆ ತಿಂಗಳಿಗೆ 1,400 ಯೂರೋ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಪಾಲು ಬೋಧನಾ ಶುಲ್ಕ ಕೇಳುವುದಿಲ್ಲ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮುಂಗಡವಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು, ಆ ಗಂಟು ಹೊಂದಿಸುವಲ್ಲೇ ಅನೇಕರು ಸುಸ್ತು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಹೊರದೇಶದಲ್ಲಿ ಓದಲು ಕರ್ನಾಟಕ ಸರ್ಕಾರದ 'ಪ್ರಬುದ್ಧ' ಯೋಜನೆ ಇದೆ. ಇದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದರೆ ಬೇಜಾರಾಗುತ್ತದೆ. ಊರಿಗೆ ಹೋದಾಗ ಕಾಲೇಜಿಗೆ ಹೋಗಿ ಹಾರ ಹಾಕಿಸಿಕೊಳ್ಳುವ ನಾವು, ಇದನ್ನೊಂದು ಹೇಳಿಬರಬಾರದೇ?

ಹುಡುಗಿ ಫೋನು ತೆಗೆದು ಪ್ರೊಫೆಸರೊಬ್ಬರಿಗೆ ಬರೆದ ಇಮೇಲ್ ತೋರಿಸಿದಳು. ಅಂತರ್ಜಲ ಅವರ ವಿಷಯ, ಅವಳದೂ ಅದೇ. ಅರವತ್ತು ಜನಕ್ಕೆ ಇದೇ ಕಾಗದ ಹೋಗಿದೆ, ಒಂದಕ್ಕೂ ಉತ್ತರವಿಲ್ಲ. "ರೆಸ್ಪೆಕ್ಟೆಡ್ ಸರ್" ಎಂದು ಶುರು. ಆಮೇಲೆ ಸಿಜಿಪಿಎ 9.2, ಎಸೆಸೆಲ್ಸಿ ಶೇಕಡಾ 97, ತಾನು ಕಷ್ಟಜೀವಿ ಎಂಬ ಒಂದು ಪ್ಯಾರಾ. ಇಂಥ ಕಾಗದ ನನಗೆ ವಾರಕ್ಕೆ ಹತ್ತು ಬರುತ್ತಿದ್ದವು; ಎರಡನೇ ಸಾಲು ದಾಟಿ ನಾನೂ ಓದುತ್ತಿರಲಿಲ್ಲ. ತಪ್ಪು ಒಪ್ಪಿಕೊಳ್ಳುತ್ತೇನೆ.

ಈ ಸಲ ಕೊನೆತನಕ ಕೆಳಗೆ ಸರಿಸಿದೆ. ಕೊನೆಯ ಪ್ಯಾರಾದಲ್ಲಿ, ಸಂಕೋಚ ಪಟ್ಟುಕೊಂಡ ಹಾಗೆ, ಒಂದು ವಾಕ್ಯ: ಬಿ.ಇ. ಓದುವಾಗ ಎರಡು ಮಳೆಗಾಲ, ಊರಿನಲ್ಲಿ ಪಂಪು ಕಿತ್ತು ಬಿಟ್ಟಿದ್ದ 11 ಬೋರ್‌ವೆಲ್‌ಗಳಿಗೆ ಪ್ರತಿ ಭಾನುವಾರ ಟೇಪು ಇಳಿಬಿಟ್ಟು ನೀರಿನ ಮಟ್ಟ ಬರೆದುಕೊಂಡಿದ್ದಾಳೆ.

"ಇದು ಯಾರ ಪ್ರಾಜೆಕ್ಟಮ್ಮಾ?"

"ಯಾರದೂ ಅಲ್ಲ ಅಂಕಲ್. ತೋಟಕ್ಕೆ ನೀರು ನಿಂತುಹೋಗಿತ್ತು. ಕೆರೆ ತುಂಬಿದರೆ ಯಾವ ಬೋರಿಗೆ ಎಷ್ಟು ದಿನಕ್ಕೆ ನೀರು ಬರುತ್ತೆ ಅಂತ ನೋಡೋಣ ಅಂತ..."

"ಲೆಕ್ಕ ಎಲ್ಲಿದೆ?"

"ನೋಟ್‌ಬುಕ್ಕಲ್ಲಿ. ಊರಲ್ಲಿ, ಬೀರು ಮೇಲೆ."

"ಅಪ್ಪನಿಗೆ ಫೋನ್ ಮಾಡಿ ಎಲ್ಲ ಪುಟದ ಫೋಟೋ ತೆಗೆಸು. ಕಾಗದ ಅಲ್ಲಿಂದ ಶುರುವಾಗಲಿ."

"ಮತ್ತೆ ಮಾರ್ಕ್ಸು?"

"ಕೆಳಗಿರಲಿ ಬಿಡು."

ಊರಿನಲ್ಲಿ ಆಗ ನಡುರಾತ್ರಿ. ಅವಳು ಒಂದು ಕ್ಷಣ ಗಡಿಯಾರ ನೋಡಿದಳು. ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಫೋನು ಕಿವಿಗಿಟ್ಟುಕೊಂಡು ಪಾರ್ಕಿಂಗ್ ಕಡೆ ಹೊರಟಳು.