ಕ್ಯಾನ್ಸರ್ ಅಲ್ಲವಂತೆ

"ಕ್ಯಾನ್ಸರ್ ಅಲ್ಲವಂತೆ, ದೇವರು ದೊಡ್ಡವನು." ಕಾಯಿಲೆಯವರ ಮನೆಗೆ ಹಣ್ಣು ಹಿಡಿದುಕೊಂಡು ಹೋದವರು ಆಡುವ ಮಾತಿದು. ಆಡುವುದರಲ್ಲಿ ತಪ್ಪಿಲ್ಲ. ಆದರೆ ಈ ಮಾತಾದ ಮೇಲೆ ಆ ಮನೆಯಲ್ಲಿ ಬೇರೆ ಮಾತಿಗೆ ಜಾಗವೇ ಉಳಿಯುವುದಿಲ್ಲ. ದೊಡ್ಡ ದುಃಖ ತಪ್ಪಿತೆಂದರೆ ಚಿಕ್ಕ ದುಃಖಕ್ಕೆ ಅಳುವ ಹಕ್ಕು ಹೋಗಿಬಿಡುತ್ತದೆಯೇ?

ನನ್ನ ಓರಗಿತ್ತಿಗೆ ಎಡಗಿವಿಯ ನರದ ಮೇಲೆ ಗಡ್ಡೆಯಾಯಿತು. ಮಿದುಳಿಗೆ ಸೇರಿದ ಹನ್ನೆರಡು ಜೊತೆ ನರಗಳಲ್ಲಿ ಎಂಟನೆಯದು ಕೇಳುವುದಕ್ಕೂ ದೇಹದ ಸಮತೋಲಕ್ಕೂ ಬೇಕಾದದ್ದು. ಅದರ ಹೊದಿಕೆಯ ಜೀವಕೋಶಗಳು ಹೆಚ್ಚಾಗಿ ಬೆಳೆದು ಗಡ್ಡೆಯಾಗುತ್ತವೆ. ಜನ ಇದನ್ನು ಕಿವಿನರದ ಕ್ಯಾನ್ಸರ್ ಎನ್ನುವುದುಂಟು, ಅದು ಸರಿಯಲ್ಲ. ಇದು ಬೇರೆ ಅಂಗಗಳಿಗೆ ಹರಡುವುದಿಲ್ಲ. ಕ್ಯಾನ್ಸರಿಗೆ ತಿರುಗುವುದು ತೀರ ಅಪರೂಪ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ 1-2 ಮಿಲಿಮೀಟರ್. ಕೆಲವು ವರ್ಷಗಟ್ಟಲೆ ಇದ್ದಷ್ಟೇ ಇರುತ್ತವೆ.

ಆ ನಿಧಾನವೇ ಇದರ ಕಪಟ. ಒಂದು ಕಡೆಯ ಸಮತೋಲ ಕುಂದುತ್ತಿದ್ದಂತೆ ಮಿದುಳು ಇನ್ನೊಂದು ಕಡೆಯನ್ನು, ಕಣ್ಣನ್ನು, ಪಾದವನ್ನು ನೆಚ್ಚಿಕೊಂಡು ಹೇಗೋ ಸಂಸಾರ ತೂಗಿಸುತ್ತದೆ. ಹೆಂಗಸರಿಗೆ ಈ ವಿದ್ಯೆಯನ್ನು ಹೇಳಿಕೊಡಬೇಕಿಲ್ಲ. ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸುವುದು, ಕರೆದವರು ಯಾವ ಕಡೆ ಇದ್ದಾರೆಂದು ತಿಳಿಯದೆ ಸುತ್ತ ನೋಡುವುದು, ಕರೆಂಟು ಹೋದಾಗ ಗೋಡೆ ಹಿಡಿದು ನಡೆಯುವುದು, ರಾತ್ರಿಯೆಲ್ಲ ಆ ಒಂದೇ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಎಲ್ಲವನ್ನೂ ಅವಳು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಳು. ಒಂದೇ ಕಿವಿ ಮಂದವಾದರೆ ಬಹುಪಾಲು ಬೇರೆ ಕಾರಣವೇ ಇರುತ್ತದೆ. ಆದರೂ ಶ್ರವಣ ಪರೀಕ್ಷೆ, ವೈದ್ಯರು ಹೇಳಿದರೆ ಎಂಆರ್‌ಐ ಮಾಡಿಸಿಯೇ ತಿಳಿಯಬೇಕು.

ಎಂಆರ್‌ಐ ಆಯಿತು. "ಕ್ಯಾನ್ಸರ್ ಅಲ್ಲ" ಎಂದರು. ಆ ಸಂತೋಷಕ್ಕೆ ಮನೆಯಲ್ಲಿ ಹೋಳಿಗೆಯಾಯಿತು. ಮಾಡಿದವಳೂ ಅವಳೇ. ಅಂದಿನಿಂದ ಅವಳು "ನೆಲ ತೂಗಿದ ಹಾಗಾಗುತ್ತದೆ" ಎಂದರೆ ಸಾಕು, "ಕ್ಯಾನ್ಸರ್ ಬಂದವರ ಪಾಡು ನೋಡಿದ್ದೀಯಾ?" ಎಂಬ ಉತ್ತರ ಸಿದ್ಧವಿತ್ತು. ಅವಳು ಬಾಯಿ ಮುಚ್ಚಿದಳು. ಅದರಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರ ನೋವು ಗುಲಗಂಜಿಯಷ್ಟಾದರೂ ಇಳಿಯಿತೇ? ನೋವೇನು ರೇಷನ್ ಅಂಗಡಿಯ ಅಕ್ಕಿಯೇ, ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಸಿಗುವುದಕ್ಕೆ?

ಕ್ಯಾನ್ಸರ್ ಅಲ್ಲದ್ದು ನಿರುಪದ್ರವಿ ಎಂದೂ ಅಲ್ಲ. ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ಗಡ್ಡೆ ದೊಡ್ಡದಾದರೆ ಮಿದುಳಿನ ಕಾಂಡವನ್ನೇ ಒತ್ತುತ್ತದೆ. ಪಕ್ಕದಲ್ಲೇ ಏಳನೆಯ ನರ ಹಾದುಹೋಗುತ್ತದೆ. ನಗುವುದಕ್ಕೂ ರೆಪ್ಪೆ ಮುಚ್ಚುವುದಕ್ಕೂ ಅದೇ ಬೇಕು. ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1917ರಲ್ಲಿ ಈ ಗಡ್ಡೆಗಳ ಮೇಲೆ ಪುಸ್ತಕ ಬರೆದ ಕಾಲಕ್ಕೆ ರೋಗಿಯ ಜೀವ ಉಳಿಸುವುದೇ ದೊಡ್ಡ ಮಾತಾಗಿತ್ತು. ಈಗ ಕಿವಿ ಉಳಿಯುವುದೇ, ಮುಖ ಉಳಿಯುವುದೇ ಎಂದು ಕೇಳುವಷ್ಟು ಮುಂದೆ ಬಂದಿದ್ದೇವೆ. ಶಸ್ತ್ರಚಿಕಿತ್ಸೆಯಿದೆ, ಗುರಿಯಿಟ್ಟು ಕೊಡುವ ವಿಕಿರಣವಿದೆ, ಗಡ್ಡೆ ಚಿಕ್ಕದಿದ್ದರೆ ಆಗಾಗ ಎಂಆರ್‌ಐ ಮಾಡಿಸುತ್ತ ಕಾಯುವುದೂ ಇದೆ. ಕತ್ತರಿ ಹಾಕಿದರೆ ಮುಖದ ನರಕ್ಕೆ ಅಪಾಯ. ಸುಮ್ಮನೆ ಕಾದರೂ ಆ ಕಿವಿ ಕ್ರಮೇಣ ಹೋಗಬಹುದು. ದಾರಿಗಳನ್ನು ವೈದ್ಯರು ಹೇಳಬಲ್ಲರು. ಯಾವ ನಷ್ಟದ ಜೊತೆ ಬಾಳಬಲ್ಲೆ ಎಂಬುದನ್ನು ಬಾಳುವವಳೇ ಹೇಳಬೇಕು.

ಆದರೆ ಮನೆಯ ಗಂಡಸರು ಅವಳನ್ನು ಕೇಳದೆಯೇ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. "ಕಿವಿ ಒಂದು ಹೋದರೆ ಇನ್ನೊಂದಿದೆಯಲ್ಲ" ಎಂದರಂತೆ. "ಎರಡು ಕಿವಿ ಇರುವವರು ಹೇಳೋ ಮಾತು ಅಕ್ಕಾ ಅದು" ಎಂದಳು ನನ್ನೆದುರು. ಮರುದಿನ ತಾನೇ ವೈದ್ಯರೆದುರು ಕೂತು, ಗಡ್ಡೆ ಚಿಕ್ಕದೆಂದು ಖಚಿತಪಡಿಸಿಕೊಂಡು, ಕಾಯುತ್ತೇನೆ ಎಂದು ಹೇಳಿಬಂದಳು.

ಈಗ ಮದುವೆಮನೆಯ ಪಂಕ್ತಿಯಲ್ಲಿ ಅವಳು ಎಡತುದಿಯ ಎಲೆಗೇ ಕೂರುತ್ತಾಳೆ. ಜಂಬ ಎನ್ನುವವರಿದ್ದಾರೆ. ನಾನು ಅವಳ ಬಲಕ್ಕೆ ಕೂತು "ಈ ವಾರ ಹೇಗಿತ್ತೇ?" ಎನ್ನುತ್ತೇನೆ. ಅವಳು ಹೇಳಿ ಮುಗಿಸುವಷ್ಟರಲ್ಲಿ ಸಾರು ಹೋಗಿ ಮಜ್ಜಿಗೆ ಬಂದಿರುತ್ತದೆ.