ಹಲಗಿ ಕಾಯುವ ತನಕ

ಕಾರ ಹುಣ್ಣಿಮೆಗೆ ಇನ್ನೊಂದು ವಾರವಿತ್ತು. ಹುಕ್ಕೇರಿಯಲ್ಲಿ ನಮ್ಮ ಬಳಗದ ಮದುವೆ. ಮೂಡಲಗಿಯಿಂದ ಬೀಗರ ಗಾಡಿಗಳು ಬಂದು ನಿಂತಿದ್ದವು. ಮೇಲೆ ಜಿಟಿಜಿಟಿ ಮಳೆ. ಮೆರವಣಿಗೆ ಹೊರಡಬೇಕು ಎನ್ನುವಾಗ ಹಲಗಿಯವರು ಮಾತ್ರ ಹಂದರದ ಮೂಲೆಯಲ್ಲಿ ಕಸಕಡ್ಡಿಗೆ ಬೆಂಕಿ ಹಚ್ಚಿಕೊಂಡು ಕುಳಿತಿದ್ದರು. “ಸುರು ಮಾಡ್ರೆಪಾ, ಹೊತ್ತಾತು” ಎಂದು ನಮ್ಮ ಹಿರಿಯರು ಗದರಿದರೆ, ಅವರಲ್ಲಿ ವಯಸ್ಸಾದವನು ತಲೆಯೆತ್ತದೆ, “ತೊಗಲು ತಂಪು ಹಿಡದೈತ್ರಿ. ಹಂಗ ಹೊಡದ್ರ ನಾದ ಬರೂದಿಲ್ರಿ” ಎಂದ. ಕಟ್ಟಿಗೆಯ ಬಳೆಗೆ ಬಿಗಿದ ಆ ಚರ್ಮವನ್ನು ಉರಿಯ ಮೇಲೆ ರೊಟ್ಟಿಯಂತೆ ತಿರುಗಿಸುತ್ತಾನೆ, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುತ್ತಾನೆ, ಮತ್ತೆ ಉರಿಗೆ ಹಿಡಿಯುತ್ತಾನೆ. ಮೊದಲು ‘ಧಪ್’ ಎನ್ನುತ್ತಿದ್ದದ್ದು ನಾಲ್ಕನೆಯ ಸಲಕ್ಕೆ ‘ಟಣ್’ ಎಂದಿತು. ಆಗ ಎದ್ದ. ಬಲಗೈಯಲ್ಲಿ ಮೋಟು ಕೋಲು, ಎಡಗೈಯಲ್ಲಿ ತೆಳ್ಳನೆಯ ಕಡ್ಡಿ. ಎದೆ ನಡುಗುವಂಥ ಸದ್ದು.

ಅಣ್ಣನ ಮಗ ಅದನ್ನು ಮೊಬೈಲಿನಲ್ಲಿ ಹಿಡಿಯಲು ಹೋಗಿ ಮುಖ ಸಣ್ಣದು ಮಾಡಿಕೊಂಡ. ಹಲಗಿಯ ಮುಂದೆಯೇ ಹಿಡಿದಿದ್ದರಿಂದ ಮೈಕು ತಾಳಲಾರದೆ ಸದ್ದೆಲ್ಲ ಒಡೆದು ಬರೀ ಗರಗರ. ಬೆಳಗಾವಿಯಲ್ಲಿ ಓದುವ, ಗಿಟಾರು ಬಾರಿಸುವ ಹುಡುಗ ಅವನು. ‘ನಾಯ್ಸ್ ರಾಕ್’ ಎಂಬ ಗದ್ದಲದ ಸಂಗೀತದ ಭಕ್ತ. ಗೋಕಾಕದಲ್ಲಿ ಬೆಳೆದವನಿಗೆ ಅದು ರುಚಿಸಿದರೆ ಆಶ್ಚರ್ಯವೇನಿಲ್ಲ. ಮಳೆಗಾಲದಲ್ಲಿ ಘಟಪ್ರಭೆ 170 ಅಡಿ ಕೆಳಗೆ ಧುಮುಕುವಾಗ ಪಕ್ಕದವರ ಜೊತೆ ಮಾತಾಡಬೇಕಾದರೂ ಕಿರುಚಬೇಕಾಗುತ್ತದಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಕಟ್ಟೆಯ ಮೇಲೆ ಫೋನಿಟ್ಟು ಮತ್ತೊಮ್ಮೆ ಹಿಡಿದ. ಈ ಸಲ ಹಲಗಿಯ ಪೆಟ್ಟಿನ ಜೊತೆಗೆ ಎದುರು ಗೋಡೆಗೆ ಬಡಿದು ಬಂದ ಮಾರ್ದನಿಯೂ ಸಿಕ್ಕಿತು. “ಆಲ್ಬಿನಿನೂ ಹಿಂಗ ಮಾಡ್ತಿದ್ದ, ಕಾಕಾ” ಎಂದ.

ಯಾರಪ್ಪಾ ಅವನು ಎಂದು ಊಟದ ಪಂಕ್ತಿಯಲ್ಲಿ ಕೇಳಿ ತಿಳಿದೆ. ಸ್ಟೀವ್ ಆಲ್ಬಿನಿ, ಚಿಕಾಗೋದವನು, ತಾನೂ ಗಿಟಾರು ಬಾರಿಸುತ್ತ ಬೇರೆ ತಂಡಗಳ ಹಾಡು ಮುದ್ರಿಸಿಕೊಡುತ್ತಿದ್ದವನು, 2024ರಲ್ಲಿ ತೀರಿಕೊಂಡ. ಅಲ್ಯೂಮಿನಿಯಂ ಕತ್ತಿನ ‘ಟ್ರಾವಿಸ್ ಬೀನ್’ ಗಿಟಾರು ಅವನದು. ಅದರ ಪಟ್ಟಿಯನ್ನು ಎಲ್ಲರಂತೆ ಹೆಗಲಿಗೆ ಹಾಕದೆ ಸೊಂಟಕ್ಕೆ ಬಿಗಿಯುತ್ತಿದ್ದನಂತೆ, ಡೊಳ್ಳಿನವರು ನಡುವಿಗೆ ಬಿಗಿದುಕೊಳ್ಳುವ ಹಾಗೆ. ಡ್ರಮ್ಮನ್ನು ಮುದ್ರಿಸುವಾಗ ಹತ್ತಿರದ ಮೈಕುಗಳು ಸಾಲವೆಂದು ದೂರದಲ್ಲಿ, ನೆಲದ ಮೇಲೂ ಮೈಕು ಇಡುತ್ತಿದ್ದ. ಡ್ರಮ್ಮಿನ ಜೊತೆ ಕೋಣೆಯೂ ಕೇಳಬೇಕು ಎಂಬುದು ಅವನ ಲೆಕ್ಕ. ಆದರೆ ನನ್ನ ಕೈಯಲ್ಲಿನ ಹೋಳಿಗೆ ಅಲ್ಲೇ ನಿಂತದ್ದು ಬೇರೆ ಮಾತಿಗೆ. 1993ರಲ್ಲಿ ‘ನಿರ್ವಾಣ’ ಎಂಬ ಹೆಸರಾಂತ ತಂಡದ ಹಾಡುಗಳನ್ನು ಮುದ್ರಿಸಿಕೊಟ್ಟಾಗ ಆತ ಮಾರಾಟದಲ್ಲಿ ಪಾಲು ಬೇಡವೆಂದನಂತೆ. ಹಾಡು ಹಾಡಿದವರದು, ನನ್ನದು ಕೆಲಸ. ನಳ ಜೋಡಿಸುವವನಿಗೆ ಕೊಡುವ ಹಾಗೆ ಕೂಲಿ ಕೊಟ್ಟರೆ ಸಾಕು ಎಂಬ ಧಾಟಿಯಲ್ಲಿ ಮೊದಲೇ ಕಾಗದ ಬರೆದಿದ್ದ. ಕೂಲಿಯೇನೂ ಸಣ್ಣದಲ್ಲ, ಒಂದು ಲಕ್ಷ ಡಾಲರ್ ಎನ್ನುತ್ತಾರೆ. ಆದರೂ ಲಕ್ಷಗಟ್ಟಲೆ ಮಾರಾಟವಾದ ಆ ಆಲ್ಬಮ್ಮಿನಲ್ಲಿ ಪಾಲು ಬಿಟ್ಟವನ ಅಪರಿಗ್ರಹ ಸಾಮಾನ್ಯದ್ದಲ್ಲ.

ನನಗೆ ನೆನಪಾದದ್ದು ಬೆಳಗಿನ ನಮ್ಮ ವ್ಯವಹಾರ. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಬಾಕ್ಸು ಪೇರಿಸಿಕೊಂಡು ಬಂದ ಡಿಜೆಯವನಿಗೆ ಯಾರೂ ಚಕಾರವೆತ್ತದೆ ಮುಂಗಡ ಕಳಿಸಿದ್ದೆವು. ಹಲಗಿಯವರ ಹತ್ತಿರ ಮಾತ್ರ ಅರ್ಧ ತಾಸು ಚೌಕಾಶಿ ಮಾಡಿ, ಐದು ನೂರು ಇಳಿಸಿ, ಗೆದ್ದವರಂತೆ ಚಹಾ ಕುಡಿದಿದ್ದೆವು. ಇಳಿಸಿದವರಲ್ಲಿ ನಾನೂ ಒಬ್ಬ. ತೊಗಲು ಕಾಯಿಸುವ ಹೊತ್ತನ್ನು ನಾವು ಯಾರೂ ಕೆಲಸವೆಂದು ಲೆಕ್ಕ ಹಿಡಿದಿರಲಿಲ್ಲ. ಸಂಜೆ ಬೀಗರನ್ನು ಕಳಿಸುವ ಹೊತ್ತಿಗೆ ಮತ್ತೆ ಮಳೆ, ಮತ್ತೆ ಮೂಲೆಯಲ್ಲಿ ಹೊಗೆ. ಆ ಹಿರಿಯನ ಕೈಗೆ ಐದು ನೂರರ ನೋಟು ಇಟ್ಟು, “ಮುಂಜಾನೆ ನಾವ ಹಿಡಕೊಂಡದ್ದಪಾ ಇದು, ನಿಂದ” ಎಂದೆ. ಅವನು ಅದನ್ನು ಟೊಪ್ಪಿಗೆಯೊಳಗೆ ಸೇರಿಸಿ, “ರೊಕ್ಕ ಇರ್ಲ್ರಿ ಮಾಸ್ತರ, ಮದಲ ನಾಕು ಹಳೇ ಪೇಪರ್ ಕೊಡ್ರಿ, ಬೆಂಕಿ ಆರಾಕತ್ತೈತಿ” ಎಂದ. ಒಳಗಿನಿಂದ ಒಂದು ಕಟ್ಟು ತಂದುಕೊಟ್ಟೆ. ಮೇಲಿನ ಹಾಳೆಯಲ್ಲಿ ಇದೇ ಅಂಕಣವಿತ್ತು. ಚೆನ್ನಾಗಿಯೇ ಉರಿಯಿತು.