ಇನ್ನೂರಾರು ಮೂಳೆ, ಮುಟ್ಟಬಾರದ ಮೈ

ಬಂಗಾರಪೇಟೆ, ಮಾಲೂರು ಹಾದು ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕಾನ್‌ಸ್ಟೇಬಲ್ ಪರೀಕ್ಷೆಗೋ ಎಸ್‌ಡಿಎ ಪರೀಕ್ಷೆಗೋ ಓದಿಕೊಳ್ಳುವ ಹುಡುಗ ಹುಡುಗಿಯರು ಬೇಕಾದಷ್ಟು ಸಿಗುತ್ತಾರೆ. ಕೈಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ವಯಸ್ಕರ ದೇಹದಲ್ಲಿ ಮೂಳೆ ಎಷ್ಟು? 206. ಅತಿ ಉದ್ದದ ಮೂಳೆ? ತೊಡೆಮೂಳೆ. ಅತಿ ಚಿಕ್ಕದು? ಕಿವಿಯೊಳಗಿನ ಸ್ಟೇಪಿಸ್. ಅತಿ ದೊಡ್ಡ ಗ್ರಂಥಿ? ಯಕೃತ್ತು. ಉತ್ತರ ಒಂದೂ ತಪ್ಪುವುದಿಲ್ಲ. ಅಷ್ಟು ಕಷ್ಟಪಟ್ಟು ಓದುವವರ ಬಗ್ಗೆ ನನಗೆ ಗೌರವವೇ ಇದೆ. ನನ್ನ ತಕರಾರು ಪ್ರಶ್ನೆಪತ್ರಿಕೆಯ ಮೇಲೆ. ಅದು ಕೇಳುವ ಮೂಳೆ ಯಾರ ಮೈಯಲ್ಲೂ ಇಲ್ಲದ ಮೂಳೆ.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ನಗು ಬಂದಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವವರನ್ನು ನೋಡಿದ್ದೇನೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ನಡುನಡುವೆ ಸುಣ್ಣ ಬಳಿದಂಥ ಬಿಳಿ ಮಚ್ಚೆ. ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದು ಆ ಮಕ್ಕಳನ್ನು ಮನೆಯಲ್ಲಿ ಬೈಯುತ್ತಾರೆ, ಶಾಲೆಯಲ್ಲಿ ಹಂಗಿಸುತ್ತಾರೆ. ಹೆಣ್ಣು ನೋಡಲು ಬಂದವರು ಆ ಗೆರೆಗಳನ್ನು ಗಮನಿಸಿ ಎದ್ದು ಹೋಗುತ್ತಾರೆ. ಅಂಗರಚನಾಶಾಸ್ತ್ರದ ಒಂದೇ ಒಂದು ಸಂಗತಿ ತಿಳಿದಿದ್ದರೆ ಈ ಅವಮಾನಕ್ಕೆ ಜಾಗವೇ ಇರುತ್ತಿರಲಿಲ್ಲ. ಕಾಯಂ ಹಲ್ಲಿನ ಎನಾಮೆಲ್ ಕಟ್ಟಿಕೊಳ್ಳುವುದು ಹಲ್ಲು ಹೊರಬಂದ ಮೇಲಲ್ಲ. ಮಗು ಇನ್ನೂ ಹಾಲುಹಲ್ಲಿನಲ್ಲಿ ನಗುತ್ತಿರುವಾಗಲೇ, ದವಡೆಯೊಳಗೆ ಆ ಕೆಲಸ ನಡೆದಿರುತ್ತದೆ. ಆಗ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎನಾಮೆಲ್ ಕಟ್ಟುವ ಜೀವಕೋಶಗಳ ಕೆಲಸ ಕೆಡುತ್ತದೆ. ಆ ಗೆರೆ ಕೊಳೆಯಲ್ಲ. ಯಾವ ಪೇಸ್ಟು, ಯಾವ ಬೇವಿನ ಕಡ್ಡಿಯೂ ಅದನ್ನು ಅಳಿಸಲಾರದು.

ಆ ನೀರು ಎಲ್ಲಿಂದ ಬಂತು? ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿದ ಸಾಲುಕೆರೆಗಳು ಬತ್ತಿದವು, ತೆರೆದ ಬಾವಿಗಳು ಒಣಗಿದವು, ಕೊಳವೆಬಾವಿ ಸಾವಿರ ಅಡಿ ದಾಟಿತು. ಅಷ್ಟು ಆಳದ ಗ್ರಾನೈಟ್ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರು ಸಿಗದೇ ಹೋದರೆ 1.5ರವರೆಗೆ ಒಪ್ಪಬಹುದು. ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರು ಆ ಗೆರೆ ದಾಟಿದೆ. ಕಾಯಿಸಿ ಕುಡಿದರಾಯಿತು ಎನ್ನುವವರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಹಲ್ಲಿನದು ಕಣ್ಣಿಗೆ ಕಾಣುವ ಕಥೆ. ಮೂಳೆಯದು ಕಾಣದ್ದು. ಮೂಳೆಯನ್ನು ನಾವು ಒಣಕಟ್ಟಿಗೆ ಎಂದುಕೊಂಡಿದ್ದೇವೆ. ಅದು ಜೀವಂತ ಅಂಗಾಂಶ, ಉಸಿರಿರುವವರೆಗೂ ಕರಗುತ್ತಾ ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಹಾಗೆ ಕಟ್ಟಿಕೊಳ್ಳುವಾಗಲೆಲ್ಲ ಫ್ಲೋರೈಡ್ ಒಳಸೇರುತ್ತದೆ. ಇಪ್ಪತ್ತು ಮೂವತ್ತು ವರ್ಷ ಕಳೆಯುವ ಹೊತ್ತಿಗೆ ಬೆನ್ನೆಲುಬಿನ ಸುತ್ತಲಿನ ಅಸ್ಥಿರಜ್ಜುಗಳಲ್ಲೂ ಸುಣ್ಣ ತುಂಬಿ ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ಕರೆದರೆ ಇಡೀ ಮೈ ತಿರುಗಿಸಿ ನೋಡುವ ಅಜ್ಜಿಯನ್ನು ಕಂಡು ವಯಸ್ಸಾಯಿತು ಎಂದುಬಿಡುತ್ತೇವೆ. ದೋಷ, ಗಾಳಿ, ಪೂರ್ವಕರ್ಮ ಎನ್ನುವವರೂ ಉಂಟು. ಇದು ನೀರಿನಿಂದ ಬರುವ ರೋಗ ಎಂದು ನಮ್ಮ ಪಕ್ಕದ ಸೀಮೆಯಾದ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಸಂಶೋಧಕ ಶಾರ್ಟ್ ಮತ್ತು ಅವರ ಸಂಗಡಿಗರು ವರದಿ ಮಾಡಿದ್ದು 1937ರಲ್ಲಿ. ಇಷ್ಟು ದಶಕ ಕಳೆದರೂ ನಮ್ಮ ಹಳ್ಳಿಯಲ್ಲಿ ಮಂತ್ರಿಸಿದ ದಾರ ಕಟ್ಟುವುದು ನಿಂತಿಲ್ಲ. ದಾರ ಕಟ್ಟಿಕೊಂಡವರ ಮೇಲೆ ನನಗೆ ಕೋಪವಿಲ್ಲ. ನೋವಿಗೆ ಕಾರಣ ಯಾರೂ ಹೇಳದಿದ್ದಾಗ ಮನುಷ್ಯ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. 206 ಎಂದು ಕಲಿಸಿ, ಆ 206ಕ್ಕೆ ಏನಾಗುತ್ತಿದೆ ಎಂದು ಕಲಿಸದ ಶಾಲೆಯ ಮೇಲೆ ಕೋಪವಿದೆ. ಮತ್ತೆ ನೀರಿನ ಮಾತಿಗೆ ಬಂದರೆ, ಬತ್ತಿದ ಕೆರೆಗಳನ್ನು ತುಂಬಿಸಲೆಂದು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೆಯ ಹಂತವೂ ಬೇಕೆಂದು ಇಲ್ಲಿನ ಜನ ಹೋರಾಡಿದ್ದಾರೆ. ತನ್ನ ಮೂಳೆಯ ಬಗ್ಗೆ ತಿಳಿದ ಹುಡುಗಿ ಗ್ರಾಮಸಭೆಯಲ್ಲಿ ಎದ್ದು, ನಮ್ಮ ನಲ್ಲಿ ನೀರಿನಲ್ಲಿ ಫ್ಲೋರೈಡ್ ಎಷ್ಟು, ವರದಿ ತೋರಿಸಿ ಎಂದು ಕೇಳಬಲ್ಲಳು. ಸಾಮಾನ್ಯ ಜ್ಞಾನ ಎಂಬುದಕ್ಕೆ ನಾನು ಕೊಡುವ ಅರ್ಥ ಇದು.

206 ಎಂಬ ಎಣಿಕೆಯಾದರೂ ಸುಮ್ಮನೆ ಬಂದದ್ದಲ್ಲ. ಚರಕ ಸಂಹಿತೆಯಲ್ಲಿ ಮೂಳೆ 360, ಸುಶ್ರುತ ಸಂಹಿತೆಯಲ್ಲಿ 300. ಹಲ್ಲು, ಮೃದ್ವಸ್ಥಿಗಳನ್ನೂ ಸೇರಿಸಿ ಎಣಿಸಿದ್ದರಿಂದ ಇವಕ್ಕೂ 206ಕ್ಕೂ ಈ ಅಂತರ. ಸುಶ್ರುತ ಒಂದು ಮಾತಿನಲ್ಲಿ ಗಟ್ಟಿ: ದೇಹ ತಿಳಿಯಬೇಕೆಂದರೆ ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಮೆದುವಾದ ಮೇಲೆ ಪದರ ಪದರವಾಗಿ ಉಜ್ಜಿ ಬಿಡಿಸಿ ಕಣ್ಣಾರೆ ನೋಡಬೇಕು. 1543ರಲ್ಲಿ ಯುರೋಪಿನಲ್ಲಿ ವೈದ್ಯ ವೆಸಾಲಿಯಸ್ ಮಾಡಿದ್ದೂ ಅದನ್ನೇ. ಕೆಳದವಡೆ ಎರಡು ಮೂಳೆ ಎಂದು ಪ್ರಾಚೀನ ವೈದ್ಯ ಗೇಲನ್ ಬರೆದದ್ದನ್ನು ಸಾವಿರದ ಮುನ್ನೂರು ವರ್ಷ ನಂಬಿದ್ದವರಿಗೆ, ಬಿಡಿಸಿ ನೋಡಿ, ಒಂದೇ ಎಂದು ತೋರಿಸಿದ. ನಮ್ಮಲ್ಲಿ ಮಾತ್ರ ಸುಶ್ರುತನ ಹೆಸರು ಉಳಿದು ಅವನ ಕೆಲಸ ನಿಂತುಹೋಯಿತು. 1836ರಲ್ಲಿ ಕಲ್ಕತ್ತೆಯ ವೈದ್ಯ ಕಾಲೇಜಿನಲ್ಲಿ ಮಧುಸೂದನ ಗುಪ್ತ ಶವಕ್ಕೆ ಕತ್ತಿ ಹಾಕಿದ್ದು ದೊಡ್ಡ ಧೈರ್ಯದ ಸಂಗತಿ ಎನಿಸಿಕೊಳ್ಳುವಷ್ಟು ಮೈಲಿಗೆಯ ಭಯ ಬಲಿತಿತ್ತು.

ಆದರೆ ಅಷ್ಟೂ ಶತಮಾನ ದೇಹದ ಒಳಗನ್ನು ಬಲ್ಲವರು ಈ ನೆಲದಲ್ಲಿ ಇಲ್ಲದೆ ಇರಲಿಲ್ಲ. ಸತ್ತ ದನ ಸುಲಿದವರು, ಹೆರಿಗೆ ಮಾಡಿಸಿದವರು, ಹೆಣ ಹೊತ್ತವರು, ಕುರಿ ಕೊಯ್ದವರು ಇದ್ದರು. ಕೀಲು ಎಲ್ಲಿ ಬಿಡುತ್ತದೆ, ನರ ಎಲ್ಲಿ ಹಾದುಹೋಗುತ್ತದೆ, ಪಿತ್ತದ ಚೀಲ ಎಲ್ಲಿ ಒಡೆಯಬಾರದು ಎಂದು ಅವರ ಬೆರಳಿಗೆ ಗೊತ್ತಿತ್ತು. ಆ ಜ್ಞಾನವನ್ನು ವಿದ್ಯೆ ಎಂದು ಯಾರೂ ಕರೆಯಲಿಲ್ಲ. ಕೊಳಕು ಎಂದರು, ಅದನ್ನು ಬಲ್ಲವರನ್ನು ಊರಾಚೆ ಇಟ್ಟರು. ಮುಟ್ಟದೆ ಯಾವ ದೇಹವನ್ನೂ ತಿಳಿಯಲಾಗದು. ಮುಟ್ಟಿದವರನ್ನೇ ಹೊರಗಿಟ್ಟ ಸಮಾಜ ತನ್ನ ದೇಹದ ಬಗ್ಗೆಯೇ ಕುರುಡಾಯಿತು.

ಇದು ಹಳೆಯ ಕಾಲದ ಮಾತಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಬಾಲಕನೊಬ್ಬ ಉತ್ಸವದ ದೇವರ ಕೋಲು ಮುಟ್ಟಿದ ಎಂದು ಅವನ ಕುಟುಂಬಕ್ಕೆ 60 ಸಾವಿರ ರೂಪಾಯಿ ದಂಡ ಹಾಕಿದರು. ಆ ತೀರ್ಮಾನ ಮಾಡಿದವರ ನಡುವೆ ಹತ್ತನೆಯ ತರಗತಿ ಪಾಸಾದವರು ಇರಲಿಲ್ಲವೇ? ಚರ್ಮಕ್ಕೆ ಎಷ್ಟು ಪದರ ಎಂಬ ಪ್ರಶ್ನೆಗೆ ಅವರೂ ಉತ್ತರ ಬರೆದು ಅಂಕ ಪಡೆದಿರುತ್ತಾರೆ. ಹುಡುಗನ ಅಂಗೈಯಿಂದ ಕೋಲಿಗೆ ಬೆವರು ಹೋಗಬಹುದು, ಬಿಸಿ ಹೋಗಬಹುದು. ಜಾತಿ ಹೋಗುವ ದಾರಿ ಆ ಚರ್ಮದಲ್ಲಿಲ್ಲ. ಮಾಲೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಗೆ ರಕ್ತ ಬೇಕಾದರೆ ಬಾಟಲಿಯ ಮೇಲೆ ನೋಡುವುದು ಎ, ಬಿ, ಒ ಮತ್ತು ಆರ್‌ಎಚ್ ಮಾತ್ರ. ಆ ದಂಡ ಹಾಕಿದವರ ಮನೆಯಲ್ಲೂ ಆ ಗುಂಪುಗಳೇ ಇರುತ್ತವೆ.

ಅದೇ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ದೇವರ ಮೈಯನ್ನು ಕಲ್ಲಿನಲ್ಲಿ ಕಡೆಯುವ ಶಿಲ್ಪಿಗಳಿದ್ದಾರೆ. ನವತಾಳ ಎಂದರೆ ಒಂಬತ್ತು ತಾಳ, ತಾಳಕ್ಕೆ ಹನ್ನೆರಡು ಅಂಗುಲ. ಹಣೆಯಿಂದ ಗಲ್ಲ, ಗಲ್ಲದಿಂದ ಎದೆ, ಎದೆಯಿಂದ ಹೊಕ್ಕಳು, ಎಲ್ಲಕ್ಕೂ ಅಳತೆ. ಮೈಯ ಹೊರಗನ್ನು ಅಷ್ಟು ನಿಖರವಾಗಿ ಬಲ್ಲವರು ಅವರು. ಈಗ ಉಳಿಯ ಜತೆಗೆ ಕರೆಂಟಿನ ಗ್ರೈಂಡರ್ ಬಂದಿದೆ. ಕಲ್ಲು ಕೊಯ್ಯುವಾಗ ಕಣ್ಣಿಗೆ ಕಾಣುವ ದೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ. ಕಾಣದಷ್ಟು ಸಣ್ಣ ಸಿಲಿಕಾ ಕಣ ಶ್ವಾಸಕೋಶದ ಕೊನೆಯ ಗಾಳಿಚೀಲಕ್ಕಿಳಿದು, ಅಲ್ಲೇ ಕೂತು, ಸುತ್ತಲೂ ಗಾಯದ ಗಂಟು ಕಟ್ಟಿಸುತ್ತದೆ. ಗಂಟಾದ ಜಾಗ ಮತ್ತೆ ಮೊದಲಿನಂತಾಗದು. ಪಕ್ಕದ ಕೆಜಿಎಫ್‌ನ ಗಣಿಕಾರ್ಮಿಕರ ಎಷ್ಟೋ ಮನೆಗಳು ಇದಕ್ಕೆ ಬೆಲೆ ತೆತ್ತಿವೆ. ನೀರು ಚಿಮುಕಿಸಿ ಕೊಯ್ಯುವುದು, ಸರಿಯಾದ ಮುಖಗವಸು ಹಾಕುವುದು ದುಬಾರಿಯ ಕೆಲಸವೇನಲ್ಲ. ಟವೆಲ್ಲು ಸುತ್ತಿಕೊಂಡರೆ ಸಾಲದು.

ಮುಳಬಾಗಿಲಿನ ಆವಣಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ಜನ ನಂಬುತ್ತಾರೆ. ಮಕ್ಕಳಿಲ್ಲವೆಂದು ಹರಕೆ ಹೊತ್ತು ಆ ಬೆಟ್ಟ ಹತ್ತುವವಳು ಹೆಂಗಸು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಬೈಸಿಕೊಳ್ಳುವವಳೂ ಹೆಂಗಸು. ಮಗು ಹೆಣ್ಣೋ ಗಂಡೋ ಎಂದು ನಿರ್ಧರಿಸುವ ಎಕ್ಸ್ ಅಥವಾ ವೈ ವರ್ಣತಂತು ಬರುವುದು ತಂದೆಯ ವೀರ್ಯಾಣುವಿನಿಂದ. ಪಾಠಪುಸ್ತಕದಲ್ಲಿ ಇದೆ. ಎಷ್ಟೋ ತರಗತಿಗಳಲ್ಲಿ ಆ ಅಧ್ಯಾಯ ಬಂದಾಗ ಮನೆಯಲ್ಲಿ ಓದಿಕೊಳ್ಳಿ ಎಂದು ಮುಂದಕ್ಕೆ ಹೋಗುತ್ತಾರೆ. ವೈದ್ಯೆ ಅನುಪಮಾ ನಿರಂಜನ ‘ತಾಯಿ ಮಗು’, ‘ಕೇಳು ಕಿಶೋರಿ’ಯಂಥ ಪುಸ್ತಕಗಳಲ್ಲಿ ಇದನ್ನೆಲ್ಲ ಸಂಕೋಚವಿಲ್ಲದೆ ಕನ್ನಡದಲ್ಲಿ ಹೇಳಿಕೊಟ್ಟರು. ಅಂದಿನ ಕೋಲಾರ ಜಿಲ್ಲೆಯ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ವಿಜ್ಞಾನವನ್ನು ಸಾಮಾನ್ಯರ ಎದುರು ತಂದು ನಿಲ್ಲಿಸಿದರು. ದಾರಿ ಆಗಲೇ ಇತ್ತು.

ಕೊನೆಗೆ, ಸತ್ತ ದೇಹದ ವಿಚಾರ. ಕೋಲಾರದ ಟಮಕದಲ್ಲಿ 1986ರಿಂದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಅಲ್ಲಾಗಲಿ, ಬೇರೆಲ್ಲೇ ಆಗಲಿ, ವೈದ್ಯರಾಗುವವರ ಮೊದಲ ಗುರು ಮೇಜಿನ ಮೇಲೆ ಮಲಗಿರುವ ಶವ. ಅದು ಯಾರದು? 1957ರ ಅಂಗರಚನಾ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಕೊಡಬಹುದು. ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ನಿಲ್ದಾಣದಲ್ಲೋ ಪ್ರಾಣ ಬಿಟ್ಟ ಅನಾಥರ ಮೈಯಿಂದ ಕಲಿತ ವಿದ್ಯೆಯಲ್ಲಿ ನಾವೆಲ್ಲ ವಾಸಿಯಾಗುತ್ತೇವೆ. ಉಳ್ಳವರ ದೇಹ ಮಾತ್ರ ಪವಿತ್ರ, ಅದನ್ನು ಕುಯ್ಯಬಾರದು ಎನ್ನುವುದು ಯಾವ ನ್ಯಾಯ? 2010ರಲ್ಲಿ ಬೆಳಗಾವಿಯಲ್ಲಿ ವೈದ್ಯ ಮಹಾಂತೇಶ ರಾಮಣ್ಣವರ, ತಂದೆಯ ಆಸೆಯಂತೆ, ದಾನವಾಗಿ ಬಂದಿದ್ದ ಆ ತಂದೆಯ ದೇಹವನ್ನೇ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಮಾಡಿದರು. ಅದಕ್ಕಿಂತ ದೊಡ್ಡ ಶ್ರಾದ್ಧ ನನಗೆ ಗೊತ್ತಿಲ್ಲ.

ಇಡೀ ದೇಹ ಕೊಡಲು ಮನಸ್ಸು ಒಪ್ಪದವರು ಕಣ್ಣು ಕೊಡಬಹುದು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತೇವೆ ಎಂಬ ಹೆದರಿಕೆ ಈಗಲೂ ಇದೆ. ಕಸಿ ಮಾಡುವುದು ಇಡೀ ಗುಡ್ಡೆಯನ್ನಲ್ಲ, ಅದರ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು. ಅದರಲ್ಲಿ ರಕ್ತನಾಳವೇ ಇಲ್ಲದ್ದರಿಂದ ರಕ್ತದ ಗುಂಪನ್ನೂ ಸಾಮಾನ್ಯವಾಗಿ ಹೊಂದಿಸಬೇಕಿಲ್ಲ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಸಾವಿನ ನಂತರ ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಡಬೇಕು, ಮೇಲಿನ ಫ್ಯಾನು ನಿಲ್ಲಿಸಬೇಕು. ಮುಗಿದ ಮೇಲೆ ಮನೆಯವರು ತಮ್ಮ ಪದ್ಧತಿಯಂತೆ ಮಣ್ಣು ಮಾಡಬಹುದು, ಸುಡಬಹುದು. ಹೆಸರು ನೋಂದಾಯಿಸಿದ ಚೀಟಿ ಪೆಟ್ಟಿಗೆಯಲ್ಲಿದ್ದರೆ ಉಪಯೋಗವಿಲ್ಲ. ಆ ಹೊತ್ತಿನಲ್ಲಿ ಫೋನು ಮಾಡಬೇಕಾದವರು ಹೆಂಡತಿಯೋ ಮಗನೋ ಸೊಸೆಯೋ. ಆದ್ದರಿಂದ ಬದುಕಿರುವಾಗಲೇ, ಊಟಕ್ಕೆ ಕೂತಾಗ, ಅವರಿಗೆ ಹೇಳಿಟ್ಟಿರಬೇಕು.